ನೇಪಥ್ಯದ ಕಲಿಕೆ: ಕನ್ನಡ ರಂಗಶಿಕ್ಷಣದಲ್ಲಿ ಕೈಕೆಲಸದ ಪರಂಪರೆ

ಕನ್ನಡ ರಂಗಭೂಮಿಯ ಚರಿತ್ರೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ನಾಟಕಕಾರರ, ನಟರ ಹಾಗೂ ನಿರ್ದೇಶಕರ ಚರಿತ್ರೆಯಾಗಿದೆ. ಕೃತಿಗಳು ಪ್ರಕಟವಾದ ವರ್ಷ, ಮಂಡಳಿಗಳು ಹುಟ್ಟಿದ ಮತ್ತು ಮುಚ್ಚಿದ ಸಂದರ್ಭ, ಹೆಸರಾಂತ ನಟರ ಪಾತ್ರಗಳು ಇವೆಲ್ಲವೂ ಸಾಕಷ್ಟು ದಾಖಲಾಗಿವೆ. ಪರದೆ ಎಳೆದವರು, ದೀಪ ಹಚ್ಚಿದವರು, ಬಣ್ಣ ಅರೆದವರು, ಪೋಷಾಕು ಹೊಲಿದವರು ಆ ದಾಖಲೆಗಳಲ್ಲಿ ಹೆಸರಿಲ್ಲದೆ ಉಳಿದಿದ್ದಾರೆ. ಅವರು ಆ ಕೆಲಸವನ್ನು ಯಾರಿಂದ, ಎಲ್ಲಿ, ಹೇಗೆ ಕಲಿತರು ಎಂಬ ಪ್ರಶ್ನೆಯಂತೂ ಇನ್ನೂ ಹೆಚ್ಚಾಗಿ ಬದಿಗೆ ಸರಿದಿದೆ. ರಂಗಶಿಕ್ಷಣವು ಪಠ್ಯಕ್ರಮ, ಡಿಪ್ಲೊಮಾ, ಪದವಿಗಳ ರೂಪವನ್ನು ಪಡೆದಿರುವ ಈ ಕಾಲದಲ್ಲಿ ಆ ಪ್ರಶ್ನೆಗೆ ಕೇವಲ ಕುತೂಹಲದ ಬೆಲೆಯಷ್ಟೇ ಇಲ್ಲ. ನಾಟಕವನ್ನು ಕಲಿಯುವುದೆಂದರೆ ಏನನ್ನು ಕಲಿಯುವುದು ಎಂಬ ಮೂಲಭೂತ ವಿಚಾರ ಅದರೊಳಗೆ ಅಡಗಿದೆ.

ನೇಪಥ್ಯದ ಕಲಿಕೆಯ ಚರಿತ್ರೆಯಲ್ಲಿ ಮೂರು ಘಟ್ಟಗಳನ್ನು ಸ್ಪಷ್ಟವಾಗಿ ಗುರುತಿಸಬಹುದು. ಮೊದಲನೆಯ ಘಟ್ಟದಲ್ಲಿ ಅದು ನಟನೆಯ ಕಲಿಕೆಯಿಂದ ಬೇರೆಯಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೆಳೆದ ವಿದ್ಯಾವಂತರ ವಿಲಾಸಿ ರಂಗಭೂಮಿಯಲ್ಲಿ ಅವೆರಡೂ ಬೇರ್ಪಟ್ಟವು. ಮೂರನೆಯ ಘಟ್ಟದಲ್ಲಿ, ಅಂದರೆ ಆಧುನಿಕ ರಂಗಶಾಲೆಗಳಲ್ಲಿ, ಅವು ಶಿಕ್ಷಣಕ್ರಮವೊಂದರ ಅಂಗಗಳಾಗಿ ಮತ್ತೆ ಕೂಡಿದವು. ಕಾಲೇಜು ರಂಗಭೂಮಿ ಮಾತ್ರ ಬಹುಮಟ್ಟಿಗೆ ಎರಡನೆಯ ಘಟ್ಟದಲ್ಲಿಯೇ ನಿಂತಿದೆ. ಈ ಬೆಳವಣಿಗೆಯ ರೂಪುರೇಷೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರದ ನೇಪಥ್ಯ

ಭರತನ ನಾಟ್ಯಶಾಸ್ತ್ರವು ನೇಪಥ್ಯವನ್ನು ರಂಗದ ಹಿಂಬದಿಯ ಒಂದು ಮೂಲೆಯೆಂದು ಕಾಣುವುದಿಲ್ಲ. ಎರಡನೆಯ ಅಧ್ಯಾಯದಲ್ಲಿ ವಿವರಿಸಲಾದ ಮಧ್ಯಮ ಗಾತ್ರದ ವಿಕೃಷ್ಟ ಮಂಟಪದ ಉದ್ದ 64 ಹಸ್ತ, ಅಗಲ 32 ಹಸ್ತ. ಅದರ ಅರ್ಧ ಪ್ರೇಕ್ಷಕರಿಗೆ ಮೀಸಲು. ಉಳಿದ ಅರ್ಧದಲ್ಲಿ ರಂಗಪೀಠ ಮತ್ತು ರಂಗಶೀರ್ಷಗಳ ಹಿಂದೆ ನೇಪಥ್ಯಗೃಹವಿರುತ್ತದೆ. ವಿದ್ವಾಂಸರಲ್ಲಿ ಸಾಮಾನ್ಯವಾಗಿ ಒಪ್ಪಿತವಾಗಿರುವ ಅರ್ಥೈಸುವಿಕೆಯ ಪ್ರಕಾರ ಈ ನೇಪಥ್ಯಗೃಹಕ್ಕೆ ದೊರೆಯುವುದು ಇಡೀ ಮಂಟಪದ ನಾಲ್ಕನೆಯ ಒಂದು ಭಾಗ. ಅಲ್ಲಿಂದ ರಂಗಕ್ಕೆ ಎರಡು ಬಾಗಿಲುಗಳು. ಅವುಗಳ ನಡುವೆ ವಾದ್ಯವೃಂದದ ಸ್ಥಾನ. ಸ್ಥಳದ ಈ ಹಂಚಿಕೆಯೇ ನೇಪಥ್ಯಕ್ಕೆ ಶಾಸ್ತ್ರಕಾರನು ಕೊಟ್ಟ ಬೆಲೆಯನ್ನು ಸೂಚಿಸುತ್ತದೆ.

ಆಹಾರ್ಯಾಭಿನಯವನ್ನು ಕುರಿತ ಅಧ್ಯಾಯದಲ್ಲಿ ನೇಪಥ್ಯಕರ್ಮವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಜೀವ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಬೆಟ್ಟ, ರಥ, ವಿಮಾನ, ಆಯುಧ ಮೊದಲಾದವುಗಳ ಪ್ರತಿಕೃತಿಯನ್ನು ಕಟ್ಟುವ ಕೆಲಸ ಪುಸ್ತ. ಹೂಮಾಲೆ, ಆಭರಣ, ವಸ್ತ್ರಗಳದು ಅಲಂಕಾರ. ಮೈಗೆ ಬಣ್ಣ ಬಳಿಯುವುದು ಅಂಗರಚನೆ. ಪ್ರಾಣಿಗಳನ್ನು ರಂಗಕ್ಕೆ ತರುವುದು ಸಜೀವ. ಇನ್ನೂ ಮುಖ್ಯವಾದ ಸಂಗತಿಯೆಂದರೆ ನಾಟಕ ಮಂಡಳಿಯ ಸದಸ್ಯರನ್ನು ಪಟ್ಟಿಮಾಡುವಾಗ ಭರತನು ಸೂತ್ರಧಾರ, ನಟ, ವಿದೂಷಕರ ಜೊತೆಯಲ್ಲಿಯೇ ಮುಕುಟಕಾರ, ಆಭರಣ ಮಾಡುವವನು, ಮಾಲೆ ಕಟ್ಟುವವನು, ವೇಷಕಾರ, ಚಿತ್ರಕಾರ, ರಜಕ, ಕಾರುಕ ಇವರನ್ನೂ ಎಣಿಸುತ್ತಾನೆ. ಬಟ್ಟೆಗೆ ಬಣ್ಣ ಹಾಕುವವನೂ ಮರಗೆಲಸದವನೂ ಈ ಪಟ್ಟಿಯಲ್ಲಿ ಮಂಡಳಿಯ ಒಳಗಿನವರು. ಈ ಶಾಸ್ತ್ರವನ್ನು ಕನ್ನಡಕ್ಕೆ ತಂದ ಆದ್ಯ ರಂಗಾಚಾರ್ಯರು (ಶ್ರೀರಂಗ, 1904–1984) ಸ್ವತಃ ಧಾರವಾಡದಲ್ಲಿ ಕಾಲೇಜು ಅಧ್ಯಾಪಕರಾಗಿದ್ದವರು, ವಿಲಾಸಿ ರಂಗಭೂಮಿಯ ಪ್ರಮುಖ ನಾಟಕಕಾರರು ಎಂಬುದು ಗಮನಾರ್ಹ.

ಚೌಕಿಯೆಂಬ ಪಾಠಶಾಲೆ

ಶಾಸ್ತ್ರದ ಈ ಕಲ್ಪನೆಗೆ ಹತ್ತಿರವಾದ ಜೀವಂತ ಉದಾಹರಣೆ ಕರಾವಳಿಯ ಯಕ್ಷಗಾನದ ಚೌಕಿ. ಚೌಕಿಯಲ್ಲಿ ಗಣಪತಿಯ ಪೂಜೆ ನಡೆದ ಮೇಲೆಯೇ ರಂಗದ ಕಲಾಪ ಆರಂಭವಾಗುತ್ತದೆ. ಅಲ್ಲಿ ಕಲಾವಿದರು ಕುಳಿತುಕೊಳ್ಳುವ ಜಾಗವೂ ವೇಷದ ದರ್ಜೆಗೆ ತಕ್ಕಂತೆ ನಿಗದಿಯಾಗಿರುತ್ತದೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಮೊದಲುಮಾಡಿ ಹಂತಹಂತವಾಗಿ ಮೇಲೇರುತ್ತಿದ್ದನು. ಅವನ ಕುಣಿತಕ್ಕೆ ಇರುಳಿನಲ್ಲಿ ದೊರೆಯುತ್ತಿದ್ದ ಅವಧಿ ಅತ್ಯಲ್ಪ. ಉಳಿದ ಹೊತ್ತೆಲ್ಲ ಅವನು ಕಲಿಯುತ್ತಿದ್ದುದು ಚೌಕಿಯಲ್ಲಿ.

ಅಲ್ಲಿಯ ಕಲಿಕೆಗೆ ಬರೆದಿಟ್ಟ ಪಾಠವಿರಲಿಲ್ಲ. ಹಳದಿಗೆ ಅರದಾಳ, ಕೆಂಪಿಗೆ ಇಂಗಲೀಕ, ಬಿಳಿಗೆ ಸಫೇತ, ಕಪ್ಪಿಗೆ ಕಾಡಿಗೆ. ಇವನ್ನು ತೆಂಗಿನೆಣ್ಣೆಯಲ್ಲಿ ಎಷ್ಟು ಹದಕ್ಕೆ ಕಲಸಬೇಕೆಂಬುದು ಕೈಗೆ ತಿಳಿಯಬೇಕಾದ ವಿಷಯ. ಬಡಗುತಿಟ್ಟಿನ ಮುಂಡಾಸು ಸಿದ್ಧವಾಗಿ ಪೆಟ್ಟಿಗೆಯಲ್ಲಿ ದೊರೆಯುವ ವಸ್ತುವಲ್ಲ. ಪ್ರತಿ ಆಟಕ್ಕೂ ಬಟ್ಟೆಯ ಸುತ್ತುಗಳಿಂದ ಅದನ್ನು ತಲೆಯ ಮೇಲೆಯೇ ಕಟ್ಟಬೇಕು. ಸಡಿಲವಾದರೆ ಕುಣಿತದ ನಡುವೆ ಕಳಚೀತು, ಬಿಗಿಯಾದರೆ ಇರುಳಿಡೀ ಹೊತ್ತು ನಿಲ್ಲಲಾಗದು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಚಿಟ್ಟಿ ಇಡುವುದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಕಲಾವಿದನು ತನ್ನ ಮುಖವನ್ನು ತಾನೇ ಬರೆದುಕೊಳ್ಳಬೇಕೆಂಬುದು ಈ ಪರಂಪರೆಯ ನಿಯಮವಾಗಿದ್ದುದರಿಂದ ಪಾತ್ರದ ಸ್ವಭಾವ, ಬಣ್ಣದ ರೇಖೆ ಹಾಗೂ ಕುಣಿತದ ಗತಿ ಮೂರೂ ಒಂದೇ ಅನುಭವದ ಭಾಗಗಳಾಗಿ ಅವನಿಗೆ ದಕ್ಕುತ್ತಿದ್ದವು.

ಈ ಕ್ರಮವನ್ನು ಆದರ್ಶವೆಂದಷ್ಟೇ ನೋಡುವುದು ಸರಿಯಾಗದು. ಅರದಾಳ ಪಾಷಾಣಯುಕ್ತವಾದುದು, ಇಂಗಲೀಕ ಪಾದರಸಯುಕ್ತವಾದುದು. ಇವುಗಳ ಅಪಾಯದ ವಿವರಣೆ ಕಲಿಕೆಯ ಭಾಗವಾಗಿರಲಿಲ್ಲ. ಪ್ರಶ್ನೆ ಕೇಳುವುದಕ್ಕಿಂತ ನೋಡಿ ಅನುಸರಿಸುವುದೇ ಇಲ್ಲಿಯ ಪದ್ಧತಿ. ಮೇಳದ ಒಳಗೆ ಹುಟ್ಟಿನ, ಜಾತಿಯ, ಲಿಂಗದ ಮಿತಿಗಳಿದ್ದವು. ಆದರೂ ಕೈಕೆಲಸವನ್ನು ಕಲಿಯದವನು ವೇಷಧಾರಿಯಾಗಲಾರನು ಎಂಬ ತಿಳಿವಳಿಕೆ ಇಲ್ಲಿ ಭದ್ರವಾಗಿತ್ತು.

ಕಂಪನಿ ನಾಟಕಗಳ ಹಿಂಬದಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಳೆದ ವೃತ್ತಿ ನಾಟಕ ಮಂಡಳಿಗಳು ನೇಪಥ್ಯದ ಕೆಲಸಕ್ಕೆ ಹೊಸ ವ್ಯಾಪ್ತಿಯನ್ನು ತಂದವು. ಪಾರ್ಸಿ ರಂಗಭೂಮಿಯ ಪ್ರಭಾವದಿಂದ ಬಣ್ಣದ ಪರದೆ, ಪಕ್ಕದ ವಿಂಗುಗಳು, ಮೇಲಿನ ಝಾಲರಿ, ಟ್ರಿಕ್ ಸೀನುಗಳು ಕನ್ನಡ ನಾಟಕದ ಸಾಮಾನ್ಯ ಸಾಮಗ್ರಿಗಳಾದವು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ (1891–1972) ನೇತೃತ್ವದಲ್ಲಿ ಈ ವೈಭವದ ಶಿಖರವನ್ನು ಮುಟ್ಟಿತು. ಆನೆ, ಕುದುರೆಗಳನ್ನು ರಂಗದ ಮೇಲೆ ತಂದ ‘ಕುರುಕ್ಷೇತ್ರ’ ಕನ್ನಡ ರಂಗಭೂಮಿಯ ನೆನಪಿನಲ್ಲಿ ಇಂದಿಗೂ ಉಳಿದಿದೆ. ಭರತನ ‘ಸಜೀವ’ ಇಲ್ಲಿ ಅಕ್ಷರಶಃ ನಿಜವಾಯಿತೆನ್ನಬಹುದು. ಆದರೆ ಆನೆಯನ್ನು ರಂಗಕ್ಕೆ ತರುವುದೆಂದರೆ ಅದರ ಭಾರವನ್ನು ತಾಳುವ ನೆಲವನ್ನು ಕಟ್ಟುವುದು, ದೀಪ ಹಾಗೂ ಸದ್ದಿಗೆ ಅದು ಬೆದರದಂತೆ ನೋಡಿಕೊಳ್ಳುವುದು, ಅದು ಒಳಬಂದು ಹೊರಹೋಗುವ ದಾರಿಯನ್ನು ಬಿಡಿಸಿಡುವುದು. ಇವೆಲ್ಲವೂ ನೇಪಥ್ಯದವರ ಹೊಣೆ.

ಕಂಪನಿ ನಾಟಕದ ದೃಶ್ಯಗಳ ಹೆಣಿಗೆಯೇ ಹಿಂಬದಿಯ ಕೆಲಸವನ್ನು ಅವಲಂಬಿಸಿತ್ತು. ಅರಮನೆ, ಕಾಡು, ಯುದ್ಧಭೂಮಿಗಳಂಥ ಆಳವಾದ ದೃಶ್ಯ ಮುಗಿದೊಡನೆ ಬೀದಿಯ ಪರದೆ ಮುಂದೆ ಇಳಿಯುತ್ತಿತ್ತು. ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯಗಾರರು ಪ್ರೇಕ್ಷಕರನ್ನು ನಗಿಸುತ್ತಿದ್ದಾಗ ಪರದೆಯ ಹಿಂದೆ ಮುಂದಿನ ದೃಶ್ಯದ ಸಜ್ಜಿಕೆ ಸಿದ್ಧವಾಗುತ್ತಿತ್ತು. ಸೀಟಿ ಇಲ್ಲವೆ ಗಂಟೆಯ ಸಂಜ್ಞೆ ಬರುವವರೆಗೆ ಹಾಸ್ಯವನ್ನು ಹಿಗ್ಗಿಸುವುದು, ಸಂಜ್ಞೆ ಬಂದೊಡನೆ ಮುಗಿಸುವುದು ನಟನ ಜಾಣ್ಮೆ. ವಿಮರ್ಶಕರು ಅನವಶ್ಯಕವೆಂದು ಟೀಕಿಸಿದ ಎಷ್ಟೋ ಹಾಸ್ಯ ಪ್ರಸಂಗಗಳ ಹಿಂದೆ ಸಜ್ಜಿಕೆಯ ಬದಲಾವಣೆಗೆ ಬೇಕಾದ ನಿಮಿಷಗಳ ಲೆಕ್ಕವಿತ್ತು. ರಂಗದ ಮುಂದಿನ ನಟ ಮತ್ತು ಹಿಂದಿನ ಕೆಲಸಗಾರ ಒಬ್ಬರ ಉಸಿರನ್ನು ಮತ್ತೊಬ್ಬರು ಬಲ್ಲವರಾಗಿದ್ದರೆ ಮಾತ್ರ ಈ ಹೊಂದಾಣಿಕೆ ಸಾಧ್ಯ.

ಕಂಪನಿಗಳಲ್ಲಿ ಚಿತ್ರಗಾರ, ಬಡಗಿ, ದರ್ಜಿ, ದೀಪದವನು ಎಂಬ ಪ್ರತ್ಯೇಕ ಕಸುಬುದಾರರಿದ್ದರು. ಹಾಗಿದ್ದರೂ ಎಳೆಯ ವಯಸ್ಸಿನಲ್ಲಿ ಕಂಪನಿಯನ್ನು ಸೇರಿದವರಿಗೆ ಅಲ್ಲಿಯ ಕೂಡುಬಾಳೇ ಶಿಕ್ಷಣವಾಗಿತ್ತು. ಊಟ, ವಸತಿ, ತಾಲೀಮು, ಊರಿಂದೂರಿಗೆ ಪ್ರಯಾಣ, ಬಿಡಾರ ಹೂಡುವುದು, ಬಿಚ್ಚುವುದು ಎಲ್ಲವೂ ಒಟ್ಟಿಗೆ ನಡೆಯುತ್ತಿದ್ದಾಗ ನಟನ ಕೆಲಸಕ್ಕೂ ಆಳಿನ ಕೆಲಸಕ್ಕೂ ನಡುವಿನ ಗೆರೆ ತೆಳುವಾಗುವುದು ಸಹಜ. ಗುಬ್ಬಿ ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂಬ ಹೆಸರನ್ನಿಟ್ಟಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣ. ಬಂಟ್ವಾಳ ತಾಲೂಕಿನ ಬಾಬುಕೋಡಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮನೆಬಿಟ್ಟು ಈ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರು (1929–2002) ಮುಂದೆ ದೇಶದ ರಂಗಶಿಕ್ಷಣದ ಅತ್ಯುನ್ನತ ಹೊಣೆಯನ್ನು ಹೊತ್ತರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ಕಂಪನಿಯ ಮನೆಯಿಂದ ದೆಹಲಿಯ ನಾಟಕ ಶಾಲೆಗೆ ನಡೆದವರು. ಕಂಪನಿಯ ಕಲಿಕೆ ಮತ್ತು ಶಾಲೆಯ ಕಲಿಕೆಗಳ ನಡುವಿನ ಕೊಂಡಿಯನ್ನು ಇಂಥ ಬದುಕುಗಳಲ್ಲಿ ಕಾಣಬಹುದು.

ವಿಲಾಸಿಗಳು ಮತ್ತು ಕಾಲೇಜು: ಕಳಚಿದ ಕೊಂಡಿ

1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ವಿದ್ಯಾವಂತರ ರಂಗಾಸಕ್ತಿಗೆ ಸಂಘಟಿತ ರೂಪ ಕೊಟ್ಟ ಮೊದಲ ಸಂಸ್ಥೆಗಳಲ್ಲೊಂದು. ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಓದಿ, ಅಲ್ಲಿಯ ರಂಗಭೂಮಿಯನ್ನು ಕಂಡುಬಂದ ಟಿ. ಪಿ. ಕೈಲಾಸಂ (1884–1946) ಅವರ ನಾಟಕಗಳು ಈ ವರ್ಗದ ನಟರಿಗೂ ಪ್ರೇಕ್ಷಕರಿಗೂ ತಮ್ಮದೇ ಮನೆಯ ಮಾತನ್ನು ಕೊಟ್ಟವು. ಕಾಲೇಜುಗಳ ಸಂಘಗಳು, ವಾರ್ಷಿಕೋತ್ಸವಗಳು ಈ ನಾಟಕಗಳ ಮುಖ್ಯ ವೇದಿಕೆಗಳಾದವು. ಕನ್ನಡ ನಾಟಕ ಸಾಹಿತ್ಯಕ್ಕೆ ಇದರಿಂದ ಆದ ಲಾಭವನ್ನು ಅಲ್ಲಗಳೆಯುವಂತಿಲ್ಲ.

ಆದರೆ ನೇಪಥ್ಯದ ಕಲಿಕೆಯ ದೃಷ್ಟಿಯಿಂದ ನೋಡಿದಾಗ ಇದೇ ಘಟ್ಟದಲ್ಲಿ ಒಂದು ನಷ್ಟವೂ ಸಂಭವಿಸಿತು. ಕೈಲಾಸಂ ಮಾದರಿಯ ನಾಟಕಕ್ಕೆ ಮಧ್ಯಮ ವರ್ಗದ ಮನೆಯ ಒಂದು ಕೋಣೆ ಸಾಕು. ಮೇಜು, ಕುರ್ಚಿ, ಕನ್ನಡಿ ಯಾರದೋ ಮನೆಯಿಂದ ಬರುತ್ತಿದ್ದವು. ಪೌರಾಣಿಕ, ಐತಿಹಾಸಿಕ ನಾಟಕವಾದರೆ ಪರದೆ, ಪೋಷಾಕು, ಪ್ರಸಾಧನ, ದೀಪಗಳೆಲ್ಲವನ್ನೂ ಬಾಡಿಗೆಗೆ ತರಲಾಗುತ್ತಿತ್ತು. ಅವುಗಳ ಜೊತೆಯಲ್ಲಿಯೇ ಕೆಲಸಗಾರರೂ ಬರುತ್ತಿದ್ದರು. ಪ್ರದರ್ಶನದ ಸಂಜೆ ವಿದ್ಯಾರ್ಥಿ ಕನ್ನಡಿಯ ಮುಂದೆ ಕುಳಿತುಕೊಂಡರೆ ಅವನ ಮುಖಕ್ಕೆ ಬಣ್ಣ ಹಚ್ಚುತ್ತಿದ್ದವರು ಬೇರೆಯವರು. ಪರದೆಯನ್ನು ಎಳೆಯುತ್ತಿದ್ದವರು ಅಲ್ಲಿಯವರೆಗೆ ನಾಟಕವನ್ನೇ ನೋಡದಿದ್ದವರು. ತಾಲೀಮೆಂದರೆ ಮಾತನ್ನು ಬಾಯಿಪಾಠ ಮಾಡುವುದು, ಚಲನೆಯನ್ನು ಅಭ್ಯಾಸ ಮಾಡುವುದು ಎಂಬ ಕಲ್ಪನೆ ಬೇರೂರಿತು.

ಇದಕ್ಕೆ ಅನುಕೂಲದ ಕಾರಣಗಳಷ್ಟೇ ಅಲ್ಲದೆ ಸಾಮಾಜಿಕ ಕಾರಣಗಳೂ ಇದ್ದವು. ವಿಲಾಸಿ ನಟರು ಹೆಚ್ಚಾಗಿ ವಕೀಲರು, ಅಧ್ಯಾಪಕರು, ಗುಮಾಸ್ತರು, ವಿದ್ಯಾರ್ಥಿಗಳು. ನಾಟಕ ಅವರಿಗೆ ಹೊಟ್ಟೆಪಾಡಲ್ಲ, ಅಭಿರುಚಿಯ ವಿಷಯ. ವೃತ್ತಿನಿರತ ನಟರಿಂದ ತಮ್ಮನ್ನು ಪ್ರತ್ಯೇಕಿಸಿಕೊಳ್ಳುವ ಹಂಬಲವೂ ಅವರಲ್ಲಿತ್ತು. ಹೀಗಾಗಿ ನಾಟಕದ ಬೌದ್ಧಿಕ ಭಾಗ ಮೇಲಾಯಿತು, ಮೊಳೆ ಹೊಡೆಯುವ, ಹಗ್ಗ ಬಿಗಿಯುವ ಭಾಗ ಕೂಲಿಯ ಕೆಲಸವಾಯಿತು. ಓದು ಮತ್ತು ದುಡಿಮೆಗಳ ನಡುವೆ ನಮ್ಮ ಶಿಕ್ಷಣವ್ಯವಸ್ಥೆ ಎಳೆದ ಗೆರೆಯೇ ರಂಗದ ಮೇಲೂ ಮೂಡಿತು.

ಸ್ವಾತಂತ್ರ್ಯಾನಂತರ 1954ರಿಂದ ನಡೆದ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವಗಳು ಕಾಲೇಜು ನಾಟಕಗಳಿಗೆ ರಾಷ್ಟ್ರಮಟ್ಟದ ವೇದಿಕೆಯನ್ನು ಒದಗಿಸಿದವು. ಅದೇ ಕಾಲದಲ್ಲಿ ಸ್ಪರ್ಧೆಯ ಚೌಕಟ್ಟು ಕಾಲೇಜು ರಂಗಭೂಮಿಯ ಸ್ವರೂಪವನ್ನೇ ನಿರ್ಧರಿಸತೊಡಗಿತು. ಈ ಬಗೆಯ ಉತ್ಸವಗಳಲ್ಲಿ ರೂಢಿಗೆ ಬಂದ ಏಕಾಂಕ ಸ್ಪರ್ಧೆಯ ನಿಯಮದ ಪ್ರಕಾರ ನಾಟಕದ ಅವಧಿ 30 ನಿಮಿಷಗಳನ್ನು ಮೀರುವಂತಿಲ್ಲ. ಹಿಂದಿನ ತಂಡದ ನಾಟಕ ಮುಗಿದ ಮೇಲೆ ಸಜ್ಜಿಕೆಯನ್ನು ಕಟ್ಟುವುದಕ್ಕೂ ತೆಗೆಯುವುದಕ್ಕೂ ದೊರೆಯುವ ಅವಕಾಶ ಗರಿಷ್ಠ 10 ನಿಮಿಷ. ಈ ಹತ್ತು ನಿಮಿಷಗಳ ಮಹತ್ತ್ವವನ್ನು ಮುಂದೆ ವಿವೇಚಿಸಲಾಗುವುದು.

ದೆಹಲಿಯ ಶಾಲೆ

ಸಂಗೀತ ನಾಟಕ ಅಕಾಡೆಮಿಯು 1959ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ನಾಟಕ ಶಾಲೆ ನೇಪಥ್ಯದ ಕಲಿಕೆಯನ್ನು ಪಠ್ಯಕ್ರಮದ ಮಟ್ಟಕ್ಕೆ ತಂದಿತು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ಶಿಕ್ಷಣ ಪಡೆದಿದ್ದ ಇಬ್ರಾಹಿಂ ಆಲ್ಕಾಜಿಯವರು 1962ರಿಂದ 1977ರವರೆಗೆ ಅದರ ನಿರ್ದೇಶಕರಾಗಿದ್ದರು. ರಂಗಸಜ್ಜಿಕೆ, ಬೆಳಕು, ವಸ್ತ್ರವಿನ್ಯಾಸ, ಪ್ರಸಾಧನ, ಮರಗೆಲಸಗಳು ನಟನೆಯಷ್ಟೇ ಶಿಸ್ತಿನಿಂದ ಕಲಿಯಬೇಕಾದ ವಿಷಯಗಳಾದುದು ಅವರ ಕಾಲದಲ್ಲಿ. ರಂಗವಿನ್ಯಾಸವನ್ನು ಬೋಧಿಸಿದ ಗೋವರ್ಧನ ಪಾಂಚಾಲರು ಕೇರಳದ ಕೂತ್ತಂಬಲಗಳನ್ನೂ ನಾಟ್ಯಶಾಸ್ತ್ರದ ಮಂಟಪ ವಿಧಿಯನ್ನೂ ಅಭ್ಯಾಸ ಮಾಡಿದ ವಿದ್ವಾಂಸರೂ ಆಗಿದ್ದರು. ಫಿರೋಜ್ ಷಾ ಕೋಟ್ಲಾದಲ್ಲಿ 1963ರಲ್ಲಿ ಪ್ರದರ್ಶಿತವಾದ ‘ಅಂಧಾ ಯುಗ್’, ಬಳಿಕ ಪುರಾನಾ ಕಿಲಾದಲ್ಲಿ ನಡೆದ ಗಿರೀಶ ಕಾರ್ನಾಡರ ‘ತುಘಲಕ್’ ಪ್ರಯೋಗಗಳು ಸಿದ್ಧ ರಂಗಮಂದಿರದ ಹೊರಗೆ, ಹಳೆಯ ಕಲ್ಲಿನ ಗೋಡೆಗಳ ನಡುವೆ ರಂಗವನ್ನು ಕಾಣುವ ದೃಷ್ಟಿಯನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಿದವು.

ಕನ್ನಡ ರಂಗಭೂಮಿಗೆ ಈ ಶಾಲೆಯ ಸಂಬಂಧ ಆರಂಭದಿಂದಲೂ ಆಪ್ತವಾದುದು. ಶಾಲೆಯ ಮೊದಲ ವರ್ಷಗಳ ವಿದ್ಯಾರ್ಥಿಯಾಗಿದ್ದ ಬಿ. ವಿ. ಕಾರಂತರು ಆಲ್ಕಾಜಿಯವರ ಅನಂತರ 1977ರಲ್ಲಿ ಅದರ ನಿರ್ದೇಶಕರಾದರು. ಪ್ರೇಮಾ ಕಾರಂತ (1936–2007) ಅಲ್ಲಿ ಕಲಿತು ವಸ್ತ್ರವಿನ್ಯಾಸವನ್ನು ಕನ್ನಡ ರಂಗಭೂಮಿಯಲ್ಲಿ ಸೃಜನಶೀಲ ಕೆಲಸವಾಗಿ ಪ್ರತಿಷ್ಠಾಪಿಸಿದವರಲ್ಲಿ ಒಬ್ಬರು. ಪ್ರಸನ್ನ, ಚಿದಂಬರರಾವ್ ಜಂಬೆ, ಕೆ. ವಿ. ಅಕ್ಷರ ಮೊದಲಾದವರು ಅಲ್ಲಿಂದ ಮರಳಿ ಇಲ್ಲಿಯ ಸಂಘಟನೆ ಮತ್ತು ಶಿಕ್ಷಣಗಳಲ್ಲಿ ತೊಡಗಿದರು. ಆದರೆ ದೆಹಲಿಯ ಮಾದರಿಗೆ ಒಂದು ಮಿತಿಯಿತ್ತು. ಸುಸಜ್ಜಿತ ಕಾರ್ಯಾಗಾರ, ನಿಯಂತ್ರಿತ ಬೆಳಕು, ಹಿಂದಿ ಭಾಷೆ ಇವುಗಳ ನಡುವೆ ಕಲಿತವನು ಕರ್ನಾಟಕದ ತಾಲೂಕು ಕೇಂದ್ರಕ್ಕೆ ಬಂದಾಗ ಆ ಸಾಮಗ್ರಿಗಳಾವುವೂ ಅವನ ಮುಂದಿರುತ್ತಿರಲಿಲ್ಲ. ಕಲಿತ ತಂತ್ರವನ್ನು ಇಲ್ಲಿಯ ನೆಲಕ್ಕೆ ಒಗ್ಗಿಸುವ ಇನ್ನೊಂದು ಶಾಲೆಯ ಅಗತ್ಯವಿತ್ತು.

ಹೆಗ್ಗೋಡಿನ ಪ್ರಯೋಗ

ಆ ಅಗತ್ಯವನ್ನು ಪೂರೈಸಿದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹೆಗ್ಗೋಡು. 1949ರಲ್ಲಿ ಅಲ್ಲಿ ಹುಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಊರಿನವರ ಹವ್ಯಾಸಿ ಮಂಡಳಿಯಾಗಿಯೇ ಆರಂಭವಾಯಿತು. ಕೆ. ವಿ. ಸುಬ್ಬಣ್ಣನವರ (1932–2005) ನೇತೃತ್ವದಲ್ಲಿ ಅದು 1972ರ ಹೊತ್ತಿಗೆ ಡಾ. ಶಿವರಾಮ ಕಾರಂತರ ಹೆಸರಿನ ಸುಸಜ್ಜಿತ ರಂಗಮಂದಿರವನ್ನು ಪಡೆಯಿತು. 1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ದೆಹಲಿಯಲ್ಲಿ ಕಲಿತುಬಂದವರು ಇಲ್ಲಿ ಅಧ್ಯಾಪಕರಾದರು. ವಿದ್ಯಾರ್ಥಿಗಳು ರಾಜ್ಯದ ಬೇರೆಬೇರೆ ಜಿಲ್ಲೆಗಳ ಹಳ್ಳಿ, ಪಟ್ಟಣಗಳಿಂದ ಬಂದವರು.

ಸುಮಾರು ಒಂದು ವರ್ಷದ ಈ ವಸತಿ ಶಿಕ್ಷಣದಲ್ಲಿ ನಾಟಕ ಚರಿತ್ರೆ, ಅಭಿನಯ, ಸಾಹಿತ್ಯಗಳ ಜೊತೆಗೆ ರಂಗಸಜ್ಜಿಕೆ, ಬೆಳಕು, ವಸ್ತ್ರ, ಪ್ರಸಾಧನಗಳ ಪಾಠವೂ ಸೇರಿತ್ತು. ಇಲ್ಲಿಯ ವೈಶಿಷ್ಟ್ಯವಿರುವುದು ವಿಷಯಗಳ ಪಟ್ಟಿಯಲ್ಲಿ ಅಲ್ಲ, ಅವನ್ನು ಕಲಿಸುವ ರೀತಿಯಲ್ಲಿ. ವಿದ್ಯಾರ್ಥಿಗಳ ಪ್ರಯೋಗಗಳಿಗೆ ಬೇಕಾದ ಸಜ್ಜಿಕೆ ಮತ್ತು ಪರಿಕರಗಳ ಕೆಲಸದಲ್ಲಿ ವಿದ್ಯಾರ್ಥಿಗಳೇ ಭಾಗಿಗಳು. ಒಂದು ನಾಟಕದಲ್ಲಿ ನಾಯಕನಾದವನಿಗೆ ಮತ್ತೊಂದರಲ್ಲಿ ಬೆಳಕಿನ ಹೊಣೆ ಬರಬಹುದು. ಮಟ್ಟಸವಾದ ಮೂರು ಹಲಗೆಯ ಪೀಠಗಳು, ಬಿದಿರು, ಗೋಣಿ, ಬಣ್ಣ ಹಾಕಿದ ಬಟ್ಟೆ ಇಂಥ ಸುಲಭದ ಸಾಮಗ್ರಿಗಳಿಂದ ಒಂದು ಲೋಕವನ್ನು ಕಟ್ಟಬೇಕಾದಾಗ ವಿದ್ಯಾರ್ಥಿಗೆ ನಾಟಕದ ಪಠ್ಯವನ್ನು ಇನ್ನೊಂದು ಬಗೆಯಲ್ಲಿ ಓದುವುದು ಅನಿವಾರ್ಯವಾಗುತ್ತದೆ. ಈ ಪಾತ್ರ ಎಲ್ಲಿಂದ ಬರುತ್ತದೆ, ಈ ದೀಪ ಯಾವ ಮಾತಿಗೆ ಆರಬೇಕು, ಈ ಸೆರಗು ಓಡುವಾಗ ಕಾಲಿಗೆ ತೊಡರುವುದೇ ಎಂಬ ಪ್ರಶ್ನೆಗಳು ಪಾತ್ರದ ಮನೋಧರ್ಮದ ಚರ್ಚೆಯಷ್ಟೇ ಗಂಭೀರವಾಗುತ್ತವೆ.

1985ರಲ್ಲಿ ಆರಂಭವಾದ ‘ತಿರುಗಾಟ’ ಈ ಕಲಿಕೆಗೆ ನಿಜವಾದ ಒರೆಗಲ್ಲನ್ನು ಒದಗಿಸಿತು. ಮುಖ್ಯವಾಗಿ ಕೇಂದ್ರದಲ್ಲಿ ಕಲಿತವರನ್ನೇ ಒಳಗೊಂಡ ಈ ತಂಡ ಕೆಲವು ನಾಟಕಗಳನ್ನು ಸಿದ್ಧಪಡಿಸಿಕೊಂಡು ತಿಂಗಳುಗಟ್ಟಲೆ ರಾಜ್ಯದ ಊರೂರುಗಳಲ್ಲಿ ಪ್ರದರ್ಶನ ಕೊಡುತ್ತದೆ. ಇಂದು ಪಟ್ಟಣದ ರಂಗಮಂದಿರ, ನಾಳೆ ಶಾಲೆಯ ಅಂಗಳ, ನಾಡಿದ್ದು ಮಠದ ಸಭಾಭವನ. ಪ್ರತಿದಿನವೂ ರಂಗದ ಅಳತೆ ಬೇರೆ, ವಿದ್ಯುತ್ತಿನ ಸ್ಥಿತಿ ಬೇರೆ, ಪ್ರೇಕ್ಷಕರು ಕುಳಿತುಕೊಳ್ಳುವ ದೂರ ಬೇರೆ. ಬೆಳಿಗ್ಗೆ ಸಾಮಾನುಗಳನ್ನು ಇಳಿಸಿ, ಮಧ್ಯಾಹ್ನ ಸಜ್ಜಿಕೆ ಕಟ್ಟಿ, ದೀಪಗಳನ್ನು ತೂಗಿಸಿ, ಸಂಜೆ ಬಣ್ಣ ಹಚ್ಚಿ ನಟಿಸಿ, ರಾತ್ರಿ ಎಲ್ಲವನ್ನೂ ಬಿಚ್ಚಿ ಮತ್ತೆ ತುಂಬಿಕೊಳ್ಳುವವರು ಅದೇ ನಟನಟಿಯರು. ಕಳಚಿ ಮಡಚಲು ಬಾರದ ಸಜ್ಜಿಕೆ ಇಲ್ಲಿ ಸಜ್ಜಿಕೆಯೇ ಅಲ್ಲ. ವಿನ್ಯಾಸಕ್ಕೆ ಭಾರ, ಗಾತ್ರ, ಸಮಯಗಳ ಲೆಕ್ಕ ಕಲಿಸಿದ್ದು ಈ ಪ್ರಯಾಣ.

ಕಂಪನಿ ನಾಟಕದ ಕೂಡುಬಾಳು ಮತ್ತು ಚೌಕಿಯ ಸ್ವಾವಲಂಬನೆಗಳು ತಿರುಗಾಟದಲ್ಲಿ ಹೊಸ ಅರ್ಥದಲ್ಲಿ ಮರಳಿದವೆಂದು ಹೇಳಬಹುದು. ವ್ಯತ್ಯಾಸವೂ ಇದೆ. ಕಂಪನಿಯ ಹುಡುಗ ಬೇರೆ ದಾರಿಯಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿಯ ವಿದ್ಯಾರ್ಥಿ ಕಾರಣವನ್ನು ತಿಳಿದು, ಪ್ರಶ್ನಿಸಿ, ಟಿಪ್ಪಣಿ ಬರೆದುಕೊಂಡು ಮಾಡುತ್ತಾನೆ. ಹೆಣ್ಣುಮಕ್ಕಳೂ ಈ ಕೆಲಸದಲ್ಲಿ ಸಮಭಾಗಿಗಳಾಗುತ್ತಾರೆ. ದುಡಿಮೆ ಇಲ್ಲಿ ಜ್ಞಾನದ ಒಂದು ಬಗೆಯಾಗುತ್ತದೆ.

ಕವಲುಗಳು

ಇದಕ್ಕಿಂತ ಮೊದಲೇ, 1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಆರಂಭವಾದ ಯಕ್ಷಗಾನ ಕೇಂದ್ರವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಕು. ಶಿ. ಹರಿದಾಸ ಭಟ್ಟರ ಸಂಘಟನೆ ಹಾಗೂ ಶಿವರಾಮ ಕಾರಂತರ ಮಾರ್ಗದರ್ಶನ ಅದಕ್ಕೆ ದೊರೆತಿತ್ತು. ಚೌಕಿಯಲ್ಲಿ ವರ್ಷಗಟ್ಟಲೆ ಕಂಡು ಕಲಿಯಬೇಕಾಗಿದ್ದ ಬಣ್ಣಗಾರಿಕೆ, ವೇಷ ಕಟ್ಟುವಿಕೆಗಳು ಅಲ್ಲಿ ಹೆಜ್ಜೆ, ತಾಳಗಳ ಜೊತೆಗೆ ಕಲಿಸುವ ವಿಷಯಗಳಾದವು. ಕಾಲೇಜೊಂದು ಕೈಕೆಲಸದ ಪರಂಪರೆಗೆ ಆಶ್ರಯವಾಗಬಲ್ಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

1989ರಲ್ಲಿ ಮೈಸೂರಿನಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಸ್ಥಾಪನೆಯಾದ ರಂಗಾಯಣ ಸರ್ಕಾರದ ಆಶ್ರಯದ ವೃತ್ತಿಪರ ರೆಪರ್ಟರಿಯಾಗಿ ಬೆಳೆಯಿತು. ವನರಂಗ, ಭೂಮಿಗೀತಗಳಂಥ ಭಿನ್ನ ಸ್ವರೂಪದ ರಂಗಸ್ಥಳಗಳು ಅಲ್ಲಿಯ ಕಲಾವಿದರಿಗೆ ಸ್ಥಳದ ಪಾಠವನ್ನು ಕಲಿಸಿದವು. ಕಲ್ಲು, ಕೊಳವೆ, ಪಾತ್ರೆಗಳಿಂದಲೂ ನಾದವನ್ನು ಹೊರಡಿಸುತ್ತಿದ್ದ ಕಾರಂತರ ರಂಗಸಂಗೀತ ನೇಪಥ್ಯದಲ್ಲಿ ಕುಳಿತವನನ್ನೂ ನಾಟಕದ ಪಾತ್ರಧಾರಿಯನ್ನಾಗಿಸಿತು. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಆರಂಭಿಸಿದ ಶಿವಸಂಚಾರವು ಊರೂರು ತಿರುಗುವ ತಂಡದ ಮಾದರಿಯನ್ನು ಬಯಲುಸೀಮೆಗೆ ವಿಸ್ತರಿಸಿತು. ಅನಂತರ ಅಲ್ಲಿಯೇ ರಂಗಶಾಲೆಯೂ ಹುಟ್ಟಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ, ರಂಗಾಯಣದಲ್ಲಿ ಡಿಪ್ಲೊಮಾ ಶಿಕ್ಷಣ ಬಂದಮೇಲೆ ತರಬೇತಿಯ ಅವಕಾಶಗಳು ಹಿಂದೆಂದಿಗಿಂತ ಹೆಚ್ಚಾಗಿವೆ.

ಹತ್ತು ನಿಮಿಷಗಳ ಪಾಠ

ಈ ಎಲ್ಲ ಬೆಳವಣಿಗೆಯ ನಡುವೆ ಸಾಮಾನ್ಯ ಕಾಲೇಜಿನ ವಿದ್ಯಾರ್ಥಿಯ ಸ್ಥಿತಿ ಎಂಥದು? ರಂಗಶಾಲೆಗಳನ್ನು ಸೇರುವವರು ಪ್ರತಿವರ್ಷವೂ ಬೆರಳೆಣಿಕೆಯಷ್ಟು ಮಂದಿ. ಕಲೆ, ವಾಣಿಜ್ಯ, ವಿಜ್ಞಾನಗಳನ್ನು ಓದುತ್ತ ನಾಟಕವಾಡುವ ಸಾವಿರಾರು ವಿದ್ಯಾರ್ಥಿಗಳಿಗೆ ನೇಪಥ್ಯವು ಇಂದಿಗೂ ಬಹುಮಟ್ಟಿಗೆ ಬಾಡಿಗೆಯ ವಿಷಯವೇ. ರಂಗಶಾಲೆಯಲ್ಲಿ ಕಲಿತವರೊಬ್ಬರನ್ನು ಸ್ಪರ್ಧೆಯ ಕಾಲಕ್ಕೆ ನಿರ್ದೇಶಕರಾಗಿ ಕರೆಸುವ ರೂಢಿ ಬೆಳೆದಿದೆ. ಇದರಿಂದ ಪ್ರಯೋಗಗಳ ಗುಣಮಟ್ಟ ಏರಿದೆ. ಆದರೆ ವಿನ್ಯಾಸವೆಲ್ಲವೂ ಆ ನಿರ್ದೇಶಕರ ತಲೆಯಲ್ಲಿದ್ದು, ಬಹುಮಾನ ಬಂದ ಮೇಲೆ ಅವರೊಡನೆಯೇ ಹೊರಟುಹೋಗುತ್ತದೆ. ಪಾತ್ರ ಸಿಗದವರಿಗೆ ಹಿಂಬದಿಯ ಕೆಲಸ ಎಂಬ ಭಾವನೆಯೂ ಬಲವಾಗಿದೆ. ನಟನಿಗೆ ಪ್ರಶಸ್ತಿಯಿರುವಂತೆ ರಂಗ ನಿರ್ವಾಹಕನಿಗೆ ಪ್ರಶಸ್ತಿಯಿರುವುದು ವಿರಳ. ಕರಪತ್ರದಲ್ಲಿ ಅವನ ಹೆಸರೂ ಎಷ್ಟೋ ವೇಳೆ ಬಿಟ್ಟುಹೋಗುತ್ತದೆ.

ಹೀಗಿದ್ದರೂ ಸ್ಪರ್ಧೆಯ ನಿಯಮದಲ್ಲಿಯೇ ಒಂದು ಸಾಧ್ಯತೆ ಅಡಗಿದೆ. ಸಜ್ಜಿಕೆಗೆ ದೊರೆಯುವ ಆ ಹತ್ತು ನಿಮಿಷಗಳಲ್ಲಿ ಕತ್ತಲೆಯ, ಅಪರಿಚಿತ ರಂಗದ ಮೇಲೆ ಯಾರು ಯಾವ ವಸ್ತುವನ್ನು ಯಾವ ಕ್ರಮದಲ್ಲಿ ಇಡಬೇಕೆಂಬುದು ಮೊದಲೇ ನಿರ್ಧಾರವಾಗಿರಬೇಕು. ನೆಲದ ಮೇಲೆ ಸುಣ್ಣದ ಗುರುತು, ಪರಿಕರಗಳ ಪಟ್ಟಿ, ಬೆಳಕು ಮತ್ತು ಸದ್ದಿನ ಕ್ಯೂಗಳನ್ನು ಬರೆದ ಪ್ರತಿ, ಬಿಸಿಯಾದ ದೀಪವನ್ನು ಮುಟ್ಟದಿರುವ ಎಚ್ಚರ, ತಂತಿಗಳು ಕಾಲಿಗೆ ಸಿಗದಂತೆ ಅಂಟಿಸುವ ಶಿಸ್ತು ಇವೆಲ್ಲವೂ ಅಲ್ಲಿ ಬೇಕಾಗುತ್ತವೆ. ಮಾತಿನ ತಾಲೀಮಿನಂತೆ ಇದಕ್ಕೂ ತಾಲೀಮು ನಡೆಸಿದ ತಂಡಕ್ಕೂ ನಡೆಸದ ತಂಡಕ್ಕೂ ನಡುವಿನ ಅಂತರ ಪರದೆ ತೆರೆಯುವ ಮೊದಲೇ ಗೊತ್ತಾಗುತ್ತದೆ. ಬೀದಿಯ ಪರದೆಯ ಹಿಂದೆ ಕಂಪನಿಯ ಕೆಲಸಗಾರರು ಮಾಡುತ್ತಿದ್ದುದೂ, ತಿರುಗಾಟದ ನಟರು ಪ್ರತಿದಿನ ಮಾಡುವುದೂ ಇದನ್ನೇ.

ಎಲ್ಲರೂ ಎಲ್ಲವನ್ನೂ ಮಾಡಬೇಕೆಂಬ ನಿಲುವಿಗೆ ಆಕ್ಷೇಪಗಳಿಲ್ಲದಿಲ್ಲ. ಬೆಳಕಿನ ತಂತ್ರಜ್ಞಾನ ಇಂದು ಗಣಕಯಂತ್ರವನ್ನು ಅವಲಂಬಿಸಿದ ಪರಿಣತಿಯಾಗಿದೆ. ಬಂಗಾಳಿ ರಂಗಭೂಮಿಯ ತಾಪಸ್ ಸೇನ್ (1924–2006) 1959ರ ‘ಅಂಗಾರ್’ ನಾಟಕದಲ್ಲಿ ಕಲ್ಲಿದ್ದಲ ಗಣಿಗೆ ನೀರು ನುಗ್ಗುವ ದೃಶ್ಯವನ್ನು ಬೆಳಕಿನಿಂದಲೇ ಸೃಷ್ಟಿಸಿದ್ದು ಜೀವಮಾನವಿಡೀ ಒಂದೇ ಕಲೆಗೆ ತೊಡಗಿದುದರ ಫಲ. ಪರಿಣತರು ಬೇಕೆಂಬುದು ನಿಜ. ಆದರೆ ಶಿಕ್ಷಣದ ಮೊದಲ ಹಂತದ ಪ್ರಶ್ನೆ ಬೇರೆ. ರಾಷ್ಟ್ರೀಯ ನಾಟಕ ಶಾಲೆಯಲ್ಲಿಯೂ ವಿಶೇಷ ವಿಷಯದ ಆಯ್ಕೆ ಬರುವುದು ಎಲ್ಲ ಅಂಗಗಳ ಪರಿಚಯವಾದ ಬಳಿಕ. ನಟನಾಗಲಿರುವ ವಿದ್ಯಾರ್ಥಿ ಒಮ್ಮೆಯಾದರೂ ಬೆಳಕಿನ ಹಲಗೆಯ ಮುಂದೆ ಕುಳಿತಿದ್ದರೆ ರಂಗದ ಮೇಲೆ ತನ್ನ ಬೆಳಕನ್ನು ಹುಡುಕಿಕೊಂಡು ನಿಲ್ಲಬಲ್ಲನು. ತಾನು ತಡಮಾಡಿದ ಒಂದು ಕ್ಷಣ ಹಿಂದಿರುವ ನಾಲ್ವರನ್ನು ಹೇಗೆ ತೊಂದರೆಗೆ ಈಡುಮಾಡುತ್ತದೆ ಎಂಬುದನ್ನೂ ಬಲ್ಲನು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕನ್ನಡದಲ್ಲಿ ನೇಪಥ್ಯದ ತರಬೇತಿ ಪಶ್ಚಿಮದಿಂದ ಬಂದ ಹೊಸ ವಿಚಾರವಲ್ಲ. ಚೌಕಿ ಮತ್ತು ಕಂಪನಿಗಳಲ್ಲಿ ಅದಕ್ಕೆ ದೀರ್ಘವಾದ ಹಿನ್ನೆಲೆಯಿದೆ. ಅದನ್ನು ಕ್ರಮಬದ್ಧಗೊಳಿಸುವ ವಿಧಾನ ಮಾತ್ರ ದೆಹಲಿಯ ಶಾಲೆಯ ಮೂಲಕ ಬಂದಿತು. ಇವೆರಡರ ಕೂಡುವಿಕೆ ಹೆಗ್ಗೋಡಿನಲ್ಲಿ ಸಾಧ್ಯವಾಯಿತು. ಕಾಲೇಜು ರಂಗಭೂಮಿ ಕನ್ನಡಕ್ಕೆ ನಾಟಕಕಾರರನ್ನೂ ನಟರನ್ನೂ ಕೊಟ್ಟಿತಾದರೂ ತನ್ನ ನೇಪಥ್ಯವನ್ನು ತಾನೇ ಕಟ್ಟಿಕೊಳ್ಳಲಿಲ್ಲ. ಕಾಲೇಜಿಗೊಂದು ಸಣ್ಣ ಕಾರ್ಯಾಗಾರ, ಒಂದಿಷ್ಟು ಉಪಕರಣ, ಪ್ರತಿ ಪ್ರಯೋಗದಲ್ಲಿಯೂ ವಿದ್ಯಾರ್ಥಿಗಳೇ ಹೊರುವ ನೇಪಥ್ಯದ ಹೊಣೆ, ಅದಕ್ಕೆ ತಕ್ಕ ಅಂಕ ಮತ್ತು ಮನ್ನಣೆ ದೊರೆತಲ್ಲಿ ಈ ಕೊರತೆ ತುಂಬಲು ಅಸಾಧ್ಯವೇನಲ್ಲ.

ಸಂಶೋಧನೆಯ ದೃಷ್ಟಿಯಿಂದ ಆಗಬೇಕಾದ ಕೆಲಸವೂ ಬಹಳವಿದೆ. ಕಂಪನಿಗಳ ಪರದೆ ಬರೆದ ಚಿತ್ರಗಾರರು, ಮೇಳಗಳ ವೇಷದ ಪೆಟ್ಟಿಗೆಯನ್ನು ಕಾಯ್ದವರು, ಹವ್ಯಾಸಿ ತಂಡಗಳಿಗೆ ಬಣ್ಣ ಹಚ್ಚಿದ ಪ್ರಸಾಧಕರು, ಡಬ್ಬಿಗಳಲ್ಲಿ ಬಲ್ಬು ಕೂರಿಸಿ ರಂಗಕ್ಕೆ ಬೆಳಕು ಕೊಟ್ಟವರು, ಇವರಲ್ಲಿ ಹಿರಿಯರಾದವರ ಅನುಭವವನ್ನು ಧ್ವನಿಮುದ್ರಿಸಿ ಸಂಗ್ರಹಿಸುವುದು ತುರ್ತಿನ ಕಾರ್ಯ. ಲಿಖಿತ ದಾಖಲೆ ವಿರಳವಾದ ಈ ಕ್ಷೇತ್ರದಲ್ಲಿ ಅವರ ಕೈ ಮತ್ತು ನೆನಪುಗಳೇ ಆಕರಗಳು. ಹಳೆಯ ಪರದೆಗಳು, ಕಿರೀಟಗಳು, ಕರಪತ್ರಗಳು, ತಾಲೀಮಿನ ಪ್ರತಿಗಳು ಗ್ರಂಥಾಲಯ ಹಾಗೂ ವಸ್ತುಸಂಗ್ರಹಾಲಯಗಳಲ್ಲಿ ರಕ್ಷಣೆ ಪಡೆಯಬೇಕು. ಮುಕುಟಕಾರನನ್ನೂ ರಜಕನನ್ನೂ ನಟನ ಸಾಲಿನಲ್ಲಿಯೇ ಎಣಿಸಿದ ಭರತನ ಪಟ್ಟಿ ಕನ್ನಡ ರಂಗಚರಿತ್ರೆಯ ಬರವಣಿಗೆಗೂ ಅನ್ವಯಿಸಬೇಕಾದ ಕಾಲ ಬಂದಿದೆ.